ಸೂಜಿಮೂಳೆ

ಮಾರ್ಚ್ ೩, ಭಾನುವಾರ

ಬರೆಯಬೇಕಂತೆ. ದಿನಕ್ಕೆ ಅರ್ಧ ಪುಟವಾದರೂ ಬರೆದರೆ ಬೆರಳಿಗೆ ಒಳ್ಳೆಯದು ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿ ಕಳಿಸಿದ್ದಾರೆ. ಏನು ಬರೆಯಲಿ ಎಂದು ಕೇಳಿದೆ. ‘ಏನಾದ್ರೂ ಬರೀರಿ, ಯಾರು ಓದ್ತಾರೆ’ ಎಂದರು. ಯಾರೂ ಓದದಿದ್ದರೆ ನನಗೂ ಸಲೀಸು. ಪೆನ್ನು ಕೈಯಲ್ಲಿದೆ ಎಂಬುದು ಕಣ್ಣಿಗೆ ಗೊತ್ತಾಗುತ್ತಿದೆ. ಬೆರಳಿಗೆ ಗೊತ್ತಾಗುತ್ತಿಲ್ಲ.

ಹನ್ನೆರಡು ಸಲ ಕ್ಯಾನ್ಸರಿನ ಔಷಧಿ ಏರಿಸಿಕೊಂಡೆ. ಗಡ್ಡೆ ಹೋಯಿತು. ಹೋಗುವಾಗ ಹತ್ತು ಬೆರಳಿನ ತುದಿಗಳನ್ನೂ ಜೊತೆಗೆ ಕರೆದುಕೊಂಡು ಹೋಯಿತು. ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು, ಎರಡಕ್ಕೂ ತಯಾರಾಗಿರಿ ಎಂದು ದೊಡ್ಡ ಡಾಕ್ಟರು ಹೇಳುವಾಗ ಇವಳು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಇವಳಿಗೆ ‘ಸ್ವಲ್ಪ ಜೋಮು, ಅಷ್ಟೆ’ ಎಂದು ಹೇಳಿದ್ದೇನೆ. ಇವಳು ಅಂದರೆ ಹೆಂಡತಿ. ಶಾಲೆಯ ವ್ಯಾನು ಓಡಿಸುತ್ತಾಳೆ. ಬೆಳಿಗ್ಗೆ ಸಂಜೆ ಹದಿನಾಲ್ಕು ಮಕ್ಕಳ ಕೂಗಾಟ, ಮನೆಗೆ ಬಂದರೆ ಅವಳ ತಾಯಿ ಮತ್ತು ನಾನು. ಅವಳ ತಾಯಿಗೆ ಎಂಬತ್ತೊಂದು. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಕಿವಿಗಿಂತ ಚುರುಕು.

ಏಪ್ರಿಲ್ ಒಂದಕ್ಕೆ ನಾನು ಅಂಗಡಿಗೆ ವಾಪಸು ಹೋಗಬೇಕು. ಕೋಳಿಯ ಮೂಳೆ ಬಿಡಿಸುವುದು ನನ್ನ ಕಸುಬು, ಇಪ್ಪತ್ತಾರು ವರ್ಷದಿಂದ. ಚರ್ಮ ಎಲ್ಲೂ ಹರಿಯದಂತೆ ಒಳಗಿನ ಗೂಡನ್ನು ಪೂರ್ತಿ ಹೊರತೆಗೆದು, ಉಳಿದದ್ದನ್ನು ಇಸ್ತ್ರಿ ಅಂಗಿಯ ಹಾಗೆ ಮಡಚಿ ಕೊಡುತ್ತೇನೆ. ಅದು ನೋಡಿಕೊಂಡು ಮಾಡುವ ಕೆಲಸವಲ್ಲ. ಹೆಬ್ಬೆರಳು ಮೂಳೆಯ ಮೇಲೆ ಹೋಗುತ್ತದೆ, ಚಾಕು ಹೆಬ್ಬೆರಳಿನ ಹಿಂದೆ ಹೋಗುತ್ತದೆ, ನಾನು ಗಿರಾಕಿಯ ಜೊತೆ ಹರಟೆ ಹೊಡೆಯುತ್ತಿರುತ್ತೇನೆ. ‘ನಿನ್ನ ಕೈ ಇಲ್ದೆ ಗಿರಾಕಿಗಳು ಮೂತಿ ತಿರುವ್ತಿದಾರೆ ಮಾರಾಯ’ ಎಂದು ಯಜಮಾನರು ಮೊನ್ನೆ ಫೋನು ಮಾಡಿದ್ದರು. ಬರುತ್ತೇನೆ ಎಂದೆ.

ಇವತ್ತು ಎಂಟು ತಿಂಗಳ ಮೇಲೆ ಮೊದಲ ಸಲ ಭಾನುವಾರದ ಕೆಲಸ ಮಾಡಿದೆ. ಅಂದರೆ ಸಾಹೇಬರ ಒಂದು ವಾರದ ಅಡುಗೆ. ಸಾಹೇಬರು ನಮ್ಮ ನಾಯಿ. ಕಂದು ಬಣ್ಣ, ಏಳು ವರ್ಷ. ಬಾಗಿಲಲ್ಲಿ ಎದೆ ಸೆಟೆಸಿ ಕೂತು ಬಂದವರನ್ನೆಲ್ಲ ಅರ್ಜಿ ಹಿಡಿದು ಬಂದವರಂತೆ ನೋಡುವುದರಿಂದ ಆ ಹೆಸರು. ಕೋಳಿಯ ಕಾಲು, ಬೆನ್ನು, ಕುತ್ತಿಗೆ ಬರಿಯ ನೀರಿನಲ್ಲಿ ಬೇಯಿಸಿದೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿ ಮೊದಲೇ ಇಲ್ಲ, ಅವು ನಾಯಿಗೆ ವಿಷ. ಆರಿದ ಮೇಲೆ ಮಾಂಸ ಬಿಡಿಸಿ ಆರು ಡಬ್ಬಿ ಮಾಡಿ ಫ್ರೀಜರಿನಲ್ಲಿಟ್ಟೆ. ಟಿವಿಯಲ್ಲಿ ಯಾವುದೋ ಪಂದ್ಯ ಬರುತ್ತಿತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

‘ಅಳಿಯ ದೇವ್ರು ನಾಯಿಗೆ ಉಪ್ಪೇ ಹಾಕಲ್ಲ, ನಮಗೆ ಎರಡು ಪಟ್ಟು ಹಾಕ್ತಾರೆ. ಅದರ ಪಾಲಿಂದೂ ನಮಗೇ ಬರತ್ತೆ ಅನ್ಸುತ್ತೆ’ ಎಂದರು ಅತ್ತೆ. ಅವರ ಬಾಯಿಗೆ ಬೀಗ ಹಾಕಲು ಆ ಆಸ್ಪತ್ರೆಯಲ್ಲೂ ಔಷಧಿ ಇಲ್ಲ.

ಮಾರ್ಚ್ ೫, ಮಂಗಳವಾರ

ಸಾಹೇಬರು ಊಟ ಮುಟ್ಟಲಿಲ್ಲ. ತಟ್ಟೆ ಮೂಸಿ ನೋಡಿ, ಸಹಿ ಹಾಕದೆ ಕಡತ ವಾಪಸು ಕಳಿಸಿದ ಹಾಗೆ ಮುಖ ತಿರುಗಿಸಿ ಹೋಗಿ ಮಲಗಿದರು. ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ. ನನಗೂ ಏನೂ ರುಚಿಸುವುದಿಲ್ಲ. ಬಾಯಲ್ಲಿ ಇನ್ನೂ ಬೀಗದ ಕೈ ಇಟ್ಟುಕೊಂಡ ಹಾಗೆ.

ಮಾರ್ಚ್ ೬, ಬುಧವಾರ

ಬೆಳಿಗ್ಗೆ ಸಾಹೇಬರು ಬೆನ್ನು ಬಿಲ್ಲಿನಂತೆ ಬಾಗಿಸಿ ಮೂಲೆಯಲ್ಲಿ ನಿಂತಿದ್ದರು. ಹೊಟ್ಟೆ ಮುಟ್ಟಿದರೆ ನಡುಗುತ್ತಿದ್ದರು. ಎರಡು ಸಲ ವಾಂತಿ, ಎರಡನೆಯದರಲ್ಲಿ ರಕ್ತದ ಎಳೆ. ಇವಳು ಮಕ್ಕಳನ್ನು ಶಾಲೆಗೆ ಇಳಿಸಿ ಅದೇ ವ್ಯಾನಿನಲ್ಲಿ ನಮ್ಮನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸೀಟಿನ ಮೇಲೆ ಯಾವುದೋ ಮಗುವಿನ ಬಣ್ಣದ ಪೆನ್ಸಿಲು ಬಿದ್ದಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್-ರೇ ಫಲಕವನ್ನು ದೀಪಕ್ಕೆ ಹಿಡಿದು, ‘ಕೋಳಿ ಮೂಳೆ’ ಎಂದರು. ‘ಕರುಳಲ್ಲಿ ಚುಚ್ಚಿದೆ. ಈಗ್ಲೇ ತೆಗೀಬೇಕು. ಬೇಯಿಸಿದ ಮೂಳೆ ಯಾರು ಹಾಕಿದ್ದು?’

ಹಸಿ ಮೂಳೆ ಬಾಗುತ್ತದೆ, ಬೆಂದ ಮೂಳೆ ಗಾಜಿನ ಹಾಗೆ ಸಿಡಿಯುತ್ತದೆ, ತುದಿ ಚೂಪಾಗುತ್ತದೆ ಎಂದು ಅವರು ವಿವರಿಸಿದರು. ಹಸಿ ಕೋಳಿ ಹಾಕುವುದೂ ಬೇಡ, ಅದರ ರೋಗಾಣು ನಾಯಿಗೂ ಬರುತ್ತದೆ, ನಾಯಿ ನೆಕ್ಕಿದ ಮನುಷ್ಯರಿಗೂ ಬರುತ್ತದೆ ಎಂದರು. ಇದನ್ನೆಲ್ಲ ನಾನು ಗಿರಾಕಿಗಳಿಗೆ ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದಿದ್ದೇನೆ. ತಲೆಯಾಡಿಸಿದೆ.

ಬದುಕುವುದು ಅರ್ಧಕ್ಕರ್ಧ ಎಂದರು. ಇವಳು ಅತ್ತಳು. ನನಗೆ ಅಳು ಬರಲಿಲ್ಲ. ಬಂದಿದ್ದರೆ ನೋಡಲು ಚೆನ್ನಾಗಿರುತ್ತಿತ್ತು.

ಮನೆಗೆ ಬಂದವಳೇ ಇವಳು ತಾಯಿಯ ಮುಂದೆ ನಿಂತಳು. ಅತ್ತೆ ಊಟದ ಮೇಜಿನ ಕೆಳಗೆ ಕೈ ಇಳಿಬಿಟ್ಟು ನಾಯಿಗೆ ಏನಾದರೂ ಕೊಡುವವರೇ. ಹಿಂದೆ ಒಮ್ಮೆ ಚಾಕೊಲೇಟು ಕೊಟ್ಟು ದೊಡ್ಡ ರಾದ್ಧಾಂತವಾಗಿತ್ತು. ಭಾನುವಾರ ನಾನು ಬಿಡಿಸಿದ ಮೂಳೆಗಳು ಸೋಮವಾರ ಬೆಳಗಿನವರೆಗೆ ಸಿಂಕಿನ ಕೆಳಗಿನ ಬುಟ್ಟಿಯಲ್ಲೇ ಇದ್ದವು.

‘ಅಮ್ಮಾ, ಬುಟ್ಟಿಯಿಂದ ಮೂಳೆ ತೆಗೆದು ಕೊಟ್ಯಾ?’

‘ನಾನಾ? ಇಲ್ವಲ್ಲ.’

‘ಸರಿಯಾಗಿ ನೆನಪು ಮಾಡ್ಕೋ. ಬೈಯಲ್ಲ.’

‘ಇಲ್ಲ ಕಣೇ.’

‘ಮೊನ್ನೆ ಗ್ಯಾಸ್ ಆರಿಸ್ದೆ ಬಂದಿದ್ದು ನೆನಪಿದ್ಯಾ? ಅದೂ ಇಲ್ಲ ಅಂದಿದ್ದೆ.’

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, ‘ಇಲ್ಲ ಅನ್ಸುತ್ತೆ’ ಎಂದರು.

‘ಇಲ್ಲ’ ಎನ್ನುವುದಕ್ಕೂ ‘ಇಲ್ಲ ಅನ್ಸುತ್ತೆ’ ಎನ್ನುವುದಕ್ಕೂ ಇರುವ ದೂರ ಇವಳಿಗೆ ಸಾಕಾಯಿತು. ನನಗೂ ಅತ್ತೆಯೇ ಕೊಟ್ಟಿರಬೇಕು ಅನ್ನಿಸಿತು.

ಮಾರ್ಚ್ ೭, ಗುರುವಾರ

ಸಾಹೇಬರು ಬದುಕಿದ್ದಾರೆ. ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ. ಒಬ್ಬನೇ ನೋಡಲು ಹೋಗಿದ್ದೆ. ಡಾಕ್ಟರು ಮೂಳೆಯನ್ನು ಪುಟ್ಟ ಸೀಸೆಯಲ್ಲಿ ಹಾಕಿಟ್ಟಿದ್ದರು. ನೋಡಿ ಎಂದು ಕೈಗೆ ಕೊಟ್ಟರು.

ಕೋಳಿಯ ಕಾಲಿನ ದಪ್ಪ ನಳಿಮೂಳೆಗೆ ಒರಗಿಕೊಂಡು ಒಂದು ಸಣ್ಣ ಮೂಳೆ ಇರುತ್ತದೆ. ಮೇಲೆ ಬೆಂಕಿಕಡ್ಡಿಯ ತಲೆಯಷ್ಟು, ಕೆಳಗಿಳಿಯುತ್ತ ಏನೂ ಇಲ್ಲ. ಬೆಂದ ಮೇಲೆ ನಳಿಯಿಂದ ಕಳಚಿ ಮಾಂಸದೊಳಗೆ ಉಳಿದುಬಿಡುತ್ತದೆ. ಅಂಗಡಿಯಲ್ಲಿ ಅದಕ್ಕೆ ಸೂಜಿಮೂಳೆ ಎನ್ನುತ್ತೇವೆ. ಸೀಸೆಯಲ್ಲಿದ್ದದ್ದು ಅದೇ. ಬೆಂದ ಮಾಂಸದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಬೆರಳಿಗೇ ಸಿಗಬೇಕು. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಅದು.

ಬುಟ್ಟಿಗೆ ಕೈ ಹಾಕಿದವರು ದಪ್ಪ ನಳಿಯನ್ನು ತೆಗೆಯುತ್ತಾರೆ, ಬೆನ್ನೆಲುಬನ್ನು ತೆಗೆಯುತ್ತಾರೆ. ಸೂಜಿಮೂಳೆಯನ್ನು ಹುಡುಕಿ ತೆಗೆಯುವವರು ಯಾರೂ ಇಲ್ಲ.

ಮನೆಗೆ ಬಂದೆ. ಇವಳು ವ್ಯಾನಿನ ಜೊತೆ ಹೋಗಿದ್ದಳು. ಅತ್ತೆ ಮಲಗಿದ್ದರು. ಫ್ರೀಜರಿನಲ್ಲಿ ಉಳಿದಿದ್ದ ನಾಲ್ಕು ಡಬ್ಬಿ ತೆಗೆದು ಕರಗಿಸಿ, ಕಪ್ಪು ಟ್ರೇಯ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕೂತು ಒಂದೊಂದೇ ಎಳೆಯಾಗಿ ಬಿಡಿಸಿದೆ. ಮೊದಲು ಬೆರಳಿನಲ್ಲಿ ತಿಕ್ಕಿ ನೋಡಿದೆ, ಏನೂ ಇಲ್ಲ ಎಂದಿತು ಬೆರಳು. ಆಮೇಲೆ ಕಣ್ಣಿನಲ್ಲಿ ನೋಡಿದೆ. ಎರಡು ಸಿಕ್ಕವು. ಎರಡನೆಯ ಡಬ್ಬಿಯಲ್ಲಿ ಒಂದು, ನಾಲ್ಕನೆಯದರಲ್ಲಿ ಒಂದು.

ಎಲ್ಲವನ್ನೂ ಕಾಗದದಲ್ಲಿ ಸುತ್ತಿ, ನಮ್ಮ ಬುಟ್ಟಿಗೆ ಹಾಕದೆ ಬೀದಿಯ ಕೊನೆಯ ತೊಟ್ಟಿಗೆ ಹಾಕಿ ಬಂದೆ. ಡಬ್ಬಿ ತೊಳೆದಿಟ್ಟೆ. ಇವಳು ಬಂದು ‘ಮಾಂಸ ಎಲ್ಲಿ’ ಎಂದಳು. ‘ಇನ್ಯಾಕೆ ಹಳೇದು ಅಂತ ಬಿಸಾಕ್ದೆ’ ಎಂದೆ. ‘ಒಳ್ಳೇದಾಯ್ತು’ ಎಂದಳು.

ಕೈಗೆ ಗೊತ್ತಾಗುವುದಿಲ್ಲ ಎಂದು ಹೇಳಿದರೆ ಅಂಗಡಿ ಮುಗಿಯಿತು. ಐವತ್ತೆರಡು ವರ್ಷಕ್ಕೆ ನನಗೆ ಬೇರೆ ಏನೂ ಬರುವುದಿಲ್ಲ. ನಾಳೆ ಹೇಳಿದರಾಯಿತು.

ಮಾರ್ಚ್ ೯, ಶನಿವಾರ

ಸಾಹೇಬರು ಮನೆಗೆ ಬಂದರು. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಆಲಿಕೆ. ಅಧಿಕಾರ ಹೋದ ಅಧಿಕಾರಿಯ ಮುಖ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಮೂರು ಚಮಚ. ಎದೆಯ ಭಾಗದ ಮಾಂಸ ಮಾತ್ರ, ಅದರಲ್ಲಿ ಮೂಳೆ ಇರುವುದಿಲ್ಲ, ಚರ್ಮ ಮತ್ತು ಕೊಬ್ಬು ತೆಗೆದು ಒಳಗೆಲ್ಲೂ ಕೆಂಪು ಉಳಿಯದ ಹಾಗೆ ಬೇಯಿಸಬೇಕು, ಮೆತ್ತಗೆ ಬೆಂದ ಅನ್ನದ ಜೊತೆ ಕಲಸಬೇಕು, ಉಗುರುಬೆಚ್ಚಗೆ ಕೊಡಬೇಕು. ಹಸಿ ಮಾಂಸ ಕತ್ತರಿಸಿದ ಹಲಗೆಯನ್ನು ಸೋಪಿನಲ್ಲಿ ತೊಳೆಯಬೇಕು.

ಉಗುರುಬೆಚ್ಚಗೆ ಎಂದರೆ ಈಗ ನನ್ನ ಬೆರಳಿಗೆ ತಿಳಿಯುವುದಿಲ್ಲ. ತುಟಿಗೆ ತಾಗಿಸಿ ನೋಡುತ್ತೇನೆ.

ಇವಳು ಅಡುಗೆಮನೆಯ ಬಾಗಿಲಿಗೆ ಮೇಲುಗಡೆ ಒಂದು ಚಿಲಕ ಹಾಕಿಸಿದಳು. ಅತ್ತೆಯ ಕೈಗೆ ಎಟುಕದ ಎತ್ತರದಲ್ಲಿ. ಅತ್ತೆ ಚಿಲಕವನ್ನು ನೋಡಿದರು.

ಮಾರ್ಚ್ ೧೨, ಮಂಗಳವಾರ

ಊಟ ನಾಲ್ಕು ಸಲ. ಮೂರು ಚಮಚ, ಮೂರು, ನಾಲ್ಕು, ಮೂರು. ವಾಂತಿ ಇಲ್ಲ.

ಅತ್ತೆ ಇವತ್ತು ನನ್ನ ಜೊತೆ ಜಗಳವಾಡಲಿಲ್ಲ. ನಿನ್ನೆಯೂ ಇಲ್ಲ. ಮನೆ ನಿಶ್ಶಬ್ದವಾಗಿದೆ. ಎಷ್ಟೋ ವರ್ಷದಿಂದ ನಾನು ಬಯಸಿದ್ದು ಇದನ್ನೇ. ಮಧ್ಯಾಹ್ನ ಸಾಹೇಬರು ಎಂದಿನಂತೆ ಅತ್ತೆಯ ಕುರ್ಚಿಯ ಹತ್ತಿರ ಹೋಗಿ ಆಲಿಕೆ ಬಡಿಯುತ್ತ ನಿಂತರು. ಅತ್ತೆ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ‘ಹೋಗಪ್ಪ, ಹೋಗು, ನನ್ನ ಹತ್ರ ಬರಬೇಡ’ ಎಂದರು.

ಮಾರ್ಚ್ ೧೫, ಶುಕ್ರವಾರ

‘ಇವತ್ತು ಶುಕ್ರವಾರ ತಾನೆ?’ ಎಂದು ಅತ್ತೆ ಕೇಳಿದರು. ಹೌದು ಎಂದೆ. ‘ಹದಿನೈದು?’ ಹೌದು. ‘ನೋಡಿ, ಗೊತ್ತಾಗುತ್ತೆ ನನಗೆ’ ಎಂದರು. ಊಟಕ್ಕೆ ಕೂತಾಗ ಮತ್ತೆ ಕೇಳಿದರು, ಇವತ್ತು ಶುಕ್ರವಾರ ತಾನೆ ಎಂದು. ಇವಳು ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ.

ಆಮೇಲೆ ಇವಳು ತಮ್ಮನಿಗೆ ಫೋನು ಮಾಡಿದಳು. ಭಾವಮೈದನ ಊರು ಇಲ್ಲಿಂದ ಆರು ಗಂಟೆಯ ದಾರಿ. ಅಲ್ಲಿ ಮರೆವಿನ ಡಾಕ್ಟರು ಇದ್ದಾರಂತೆ, ಹಗಲು ಹೊತ್ತು ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೂ ಇದೆಯಂತೆ. ‘ನಾಯಿಗಾದದ್ದು ನಾಯಿಗೆ, ನಾಳೆ ಗ್ಯಾಸ್ ಬಿಟ್ಟು ಅಮ್ಮಂಗೇ ಏನಾದ್ರೂ ಆದ್ರೆ?’ ಎಂದು ಇವಳು ಹೇಳುವುದು ಕೇಳಿಸಿತು. ಗೋಡೆಯ ಈಚೆ ನನಗೆ ಕೇಳಿಸಿದ್ದು ಅತ್ತೆಗೂ ಕೇಳಿಸಿರಬೇಕು. ಕಿವಿ ಚುರುಕು ಎಂದು ಬರೆದಿದ್ದೇನಲ್ಲ.

ತಿಂಗಳ ಕೊನೆಯ ಭಾನುವಾರ ಬಂದು ಕರೆದುಕೊಂಡು ಹೋಗುತ್ತಾನಂತೆ.

ಊಟ ನಾಲ್ಕು ಸಲ. ಐದೈದು ಚಮಚ.

ಮಾರ್ಚ್ ೧೭, ಭಾನುವಾರ

ಇವಳು ವ್ಯಾನು ರಿಪೇರಿಗೆ ಬಿಡಲು ಹೋಗಿದ್ದಳು. ಒಂದು ಇಡೀ ಕೋಳಿ ತಂದಿದ್ದೆ. ಚಾಕು ಮಸೆದು, ಗಡಿಯಾರ ನೋಡಿ ಶುರು ಮಾಡಿದೆ. ಮೊದಲಾಗಿದ್ದರೆ ಎರಡು ನಿಮಿಷ. ಹೆಬ್ಬೆರಳನ್ನು ಬೆನ್ನಿನ ಮೇಲೆ ಇಟ್ಟೆ. ಹತ್ತಿಯ ಮೇಲೆ ಇಟ್ಟ ಹಾಗಿತ್ತು. ಎಲ್ಲಿ ಮಾಂಸ ಮುಗಿದು ಎಲ್ಲಿ ಮೂಳೆ ಶುರುವಾಗುತ್ತದೆ ಎನ್ನುವುದು ತಿಳಿಯಲಿಲ್ಲ. ನೋಡಿಕೊಂಡು ಮಾಡಲು ಹೋದೆ. ಇಪ್ಪತ್ತು ನಿಮಿಷವಾಯಿತು. ಚರ್ಮ ಮೂರು ಕಡೆ ಹರಿಯಿತು.

ಹಲಗೆ ಕೆಂಪಾಗಿತ್ತು. ತೊಳೆದ ಕೋಳಿಯಲ್ಲಿ ಇಷ್ಟು ರಕ್ತ ಎಲ್ಲಿಂದ ಎಂದು ಕೋಳಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ ನನ್ನ ತೋರುಬೆರಳು ನೋಡಿದೆ. ಉಗುರಿನ ಪಕ್ಕದಿಂದ ಗೆಣ್ಣಿನವರೆಗೆ ಸೀಳಿತ್ತು. ನೋವಿರಲಿಲ್ಲ. ಬೇರೆ ಯಾರದೋ ಬೆರಳನ್ನು ನೋಡಿದ ಹಾಗೆ ನೋಡಿದೆ.

ಕೋಳಿಯನ್ನು ಬಿಸಾಡಿ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು. ಚಿಲಕ ತೆಗೆದಿದ್ದರೂ ಒಳಗೆ ಕಾಲಿಡಲಿಲ್ಲ. ‘ಏನೋ ವಾಸನೆ. ರಕ್ತ ಅಲ್ವಾ?’ ಎಂದರು. ‘ಕೋಳೀದು’ ಎಂದೆ. ‘ಸರಿ’ ಎಂದು ಹೋದರು.

ಮೊದಲಾಗಿದ್ದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವರು ಕಡ್ಡಿ ಮುರಿದ ಹಾಗೆ ಹೇಳಿಬಿಡುತ್ತಿದ್ದರು. ಈಗ ಅವರ ಮೂಗನ್ನೂ ಅವರು ನಂಬುವುದಿಲ್ಲ.

ಬೆರಳಿಗೆ ಡಬ್ಬದ ಮುಚ್ಚಳ ತಾಗಿತು ಎಂದು ಇವಳಿಗೆ ಹೇಳಿದೆ.

ಮಾರ್ಚ್ ೨೦, ಬುಧವಾರ

ಊಟ ಮೂರು ಸಲಕ್ಕೆ ಇಳಿಸಿದ್ದೇವೆ. ಸಾಹೇಬರು ಬಾಲ ಆಡಿಸಿದರು.

ಮಾರ್ಚ್ ೨೨, ಶುಕ್ರವಾರ

ಇವತ್ತು ಬೇಕೆಂದೇ ಅತ್ತೆಯ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ. ಬಾಯಿಗಿಡಲು ಆಗದಷ್ಟು. ಮುಂದೆ ಕೂತು ಕಾದೆ. ಒಂದು ಚಮಚ ಕುಡಿದರು, ಇನ್ನೊಂದು ಕುಡಿದರು. ‘ಹೇಗಿದೆ?’ ಎಂದೆ.

‘ಚೆನ್ನಾಗಿದೆ.’

‘ಉಪ್ಪು?’

‘ಸರಿಯಾಗಿದ್ಯಲ್ಲ. ಅಲ್ವಾ?’ ಎಂದು ನನ್ನನ್ನೇ ಕೇಳಿದರು.

ಬಟ್ಟಲು ಎತ್ತಿಕೊಂಡು ಹೋಗಿ ಸಿಂಕಿಗೆ ಚೆಲ್ಲಿದೆ. ಬೇರೆ ಮಾಡಿಕೊಟ್ಟೆ. ಈ ಹೆಂಗಸು ಹದಿನೆಂಟು ವರ್ಷದಿಂದ ನನ್ನ ತಲೆ ತಿಂದಿದ್ದಾರೆ. ನನ್ನ ಗಡ್ಡೆಯ ಸುದ್ದಿ ಬಂದ ದಿನವೂ ‘ಆ ಗಡ್ಡೆಗೂ ನಿಮ್ಮ ಸಹವಾಸ ಸಾಕಾಗುತ್ತೆ ಬಿಡಿ, ತಾನೇ ಹೋಗುತ್ತೆ’ ಎಂದವರು. ಆವತ್ತು ಆಸ್ಪತ್ರೆಯ ಮೊಗಸಾಲೆಯಲ್ಲಿ ನಗು ತಡೆಯಲಾಗದೆ ನಾನು ಕೆಮ್ಮಿದ್ದೆ. ಅದೊಂದನ್ನು ಯಾಕೋ ಇವತ್ತು ನೆನೆಸಿಕೊಂಡೆ.

ಮಾರ್ಚ್ ೨೭, ಬುಧವಾರ

ಹೊಲಿಗೆ ಬಿಚ್ಚಿಸಿದೆವು. ಮನೆಯಲ್ಲಿ ಒಬ್ಬರೇ ಬೇಡ ಎಂದು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆವು. ಗಾಯ ಚೆನ್ನಾಗಿ ಕೂಡಿದೆ. ಆಲಿಕೆ ತೆಗೆದ ತಕ್ಷಣ ಸಾಹೇಬರು ಡಾಕ್ಟರ ಮೇಜನ್ನು ತಮ್ಮ ಮೇಜೆಂಬಂತೆ ಒಂದು ಸುತ್ತು ನೋಡಿಕೊಂಡರು. ಇವಳು ನಕ್ಕಳು. ತಿಂಗಳಲ್ಲಿ ಮೊದಲ ಸಲ.

ಆಮೇಲೆ ಡಾಕ್ಟರು ಅತ್ತೆಯ ಕುರ್ಚಿಯ ಮುಂದೆ ಬಗ್ಗಿ ನಿಂತರು. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಲ್ಲ. ಸಣ್ಣ ಮಗುವಿಗೆ ಹೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು. ‘ಅಜ್ಜಿ, ಇನ್ಮೇಲೆ ಮೂಳೆ ಕೊಡಬಾರ್ದು. ಆಯ್ತಾ? ಪಾಪ, ಅದಕ್ಕೆ ನೋವಾಗುತ್ತೆ. ಮೂಳೆ ಕೊಡ್ತೀರಾ?’

‘ಇಲ್ಲಮ್ಮ’ ಎಂದರು ಅತ್ತೆ. ‘ತಪ್ಪಾಯ್ತು.’

‘ಜಾಣ ಅಜ್ಜಿ.’

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಸಾಹೇಬರ ಹಗ್ಗ. ಗೋಡೆಯ ಮೇಲೆ ಯಾವ ಜಾತಿಯ ನಾಯಿಗೆ ಎಷ್ಟು ತೂಕ ಎಂಬ ಪಟ್ಟಿ ಇತ್ತು. ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಅತ್ತೆ ತಮ್ಮ ಜೀವನದಲ್ಲಿ ನನ್ನ ಮುಂದೆ ತಪ್ಪಾಯಿತು ಎಂದದ್ದು ಇದೇ ಮೊದಲು. ಮಾಡದ ತಪ್ಪಿಗೆ.

ಮಾರ್ಚ್ ೨೮, ಗುರುವಾರ

ಬರೆಯಲು ಏನೂ ಇಲ್ಲ.

ಮಾರ್ಚ್ ೨೯, ಶುಕ್ರವಾರ

ಯಜಮಾನರ ಫೋನು. ‘ಸೋಮವಾರ ತಾನೆ? ಐವತ್ತು ಕೋಳಿ ಆರ್ಡರ್ ಇದೆ, ಮದುವೆ ಮನೆದು. ಎಲ್ಲಾ ನಿನ್ನ ಹೆಸರು ಹೇಳಿ ತಗೊಂಡಿದೀನಿ.’ ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಐವತ್ತು ಕೋಳಿಗೆ ನೂರು ಕಾಲು. ನೂರು ಸೂಜಿಮೂಳೆ. ಮದುವೆಗೆ ಮಕ್ಕಳೂ ಬಂದಿರುತ್ತಾರೆ.

ಅತ್ತೆ ತಮ್ಮ ಬಟ್ಟೆಗಳನ್ನು ತಾವೇ ಹಾಸಿಗೆಯ ಮೇಲೆ ಜೋಡಿಸಿಕೊಳ್ಳುತ್ತಿದ್ದರು. ಏನೋ ಗುನುಗುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು. ಮನೆಯವರ ಹುಟ್ಟಿದ ತಾರೀಖುಗಳು. ಮಗಳದು, ಮಗನದು, ಮೊಮ್ಮಕ್ಕಳದು. ನನ್ನದೂ ಇತ್ತು, ಸರಿಯಾಗಿತ್ತು. ಅಲ್ಲಿಯ ಡಾಕ್ಟರು ಕೇಳಿದರೆ ಹೇಳಬೇಕಲ್ಲ ಎಂದು ಪರೀಕ್ಷೆಗೆ ಓದಿಕೊಳ್ಳುತ್ತಿದ್ದರು.

ನನ್ನ ಎದೆಯೊಳಗೆ ಏನೋ ಆಯಿತು. ಏನೆಂದು ಬರೆಯಲು ಗೊತ್ತಾಗುತ್ತಿಲ್ಲ. ಆಯಿತು ಅಷ್ಟೆ.

ಮಾರ್ಚ್ ೩೦, ಶನಿವಾರ

ಇವತ್ತು ಜಾಸ್ತಿ ಬರೆಯುತ್ತೇನೆ. ಪೆನ್ನು ಜಾರಿದರೂ ಬರೆಯುತ್ತೇನೆ.

ಬೆಳಿಗ್ಗೆ ಹತ್ತು ಗಂಟೆ. ಇವಳು ತಾಯಿಯ ಪೆಟ್ಟಿಗೆ ತುಂಬುತ್ತಿದ್ದಳು. ಅತ್ತೆ ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದರು. ನಾನು ಕೋಣೆಯ ಬಾಗಿಲು ಮುಂದಕ್ಕೆ ಮಾಡಿದೆ.

‘ಮೂಳೆ ಹಾಕಿದ್ದು ನಾನು’ ಎಂದೆ.

‘ಏನು?’

‘ಡಬ್ಬೀಲಿತ್ತು. ನಾನು ಬಿಡಿಸಿದ ಮಾಂಸದಲ್ಲೇ ಇತ್ತು. ಉಳಿದ ಡಬ್ಬೀಲೂ ಎರಡಿತ್ತು, ನೋಡ್ದೆ. ನನ್ನ ಕೈಗೆ ಏನೂ ಗೊತ್ತಾಗಲ್ಲ ಕಣೇ. ಜೋಮಲ್ಲ ಅದು. ಏನೂ ಇಲ್ಲ ಅಲ್ಲಿ.’

ಇವಳು ಮಡಚುತ್ತಿದ್ದ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೈಯ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಕೇಳಲಿಲ್ಲ.

‘ಯಾವತ್ತಿಂದ ಗೊತ್ತು ನಿಮಗೆ?’

‘ಏಳನೇ ತಾರೀಖಿಂದ.’

ಇವಳು ಬೆರಳು ಮಡಚಿ ಎಣಿಸಿದಳು. ‘ಇಪ್ಪತ್ಮೂರು ದಿನ. ಇಪ್ಪತ್ಮೂರು ದಿನ ಅಮ್ಮ ಹಾಗಿರೋದನ್ನ ನೋಡ್ಕೊಂಡು, ನನ್ನ ಜೊತೆ ಕೂತು ಊಟ ಮಾಡಿದ್ರಿ.’

‘ಹೌದು.’

‘ನಾನು ಆ ಚಿಲಕ ಹಾಕಿಸ್ದಾಗ ನಿಂತು ನೋಡಿದ್ರಿ.’

‘ಹೌದು.’

ಇವಳು ಕೂಗಾಡಿದ್ದರೆ ಚೆನ್ನಾಗಿತ್ತು. ಹದಿನಾಲ್ಕು ಮಕ್ಕಳ ಮೇಲೆ ಕೂಗುವ ಗಂಟಲು ಅದು. ಮೆಲ್ಲಗೆ, ‘ಅಮ್ಮನಿಗೆ ನೀವೇ ಹೇಳಿ. ನಾನು ಹೇಳಲ್ಲ’ ಎಂದಳು. ಸ್ವೆಟರನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ, ಹೊರಗೂ ಇಡಲಿಲ್ಲ. ನನಗೆ ತುಂಬ ನಾಚಿಕೆಯಾಯಿತು. ಎಂಟು ತಿಂಗಳಲ್ಲಿ ನನಗೆ ಸರಿಯಾಗಿ ಏನಾದರೂ ಆದದ್ದು ಎಂದರೆ ಅದೇ.

ಬಾಲ್ಕನಿಗೆ ಹೋಗಿ ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಸಾಹೇಬರು ಬಂದು ನಮ್ಮಿಬ್ಬರ ಮಧ್ಯೆ ಮಲಗಿದರು. ಹೇಳಿದೆ. ಸೂಜಿಮೂಳೆ, ಡಬ್ಬಿ, ಬೀದಿಯ ತೊಟ್ಟಿ, ಎಲ್ಲ ಹೇಳಿದೆ. ಅವರು ಬೀದಿಯ ಕಡೆ ಮುಖ ಮಾಡಿಕೊಂಡೇ ಕೇಳಿಸಿಕೊಂಡರು.

‘ಹಾಗಾದ್ರೆ ನಾನು ಹಾಕ್ಲಿಲ್ಲ’ ಎಂದರು.

‘ಇಲ್ಲ ಅತ್ತೆ.’

‘ಬುಟ್ಟೀಗೆ ಕೈ ಹಾಕ್ಲಿಲ್ಲ.’

‘ಇಲ್ಲ.’

ಆಮೇಲೆ ಶುರು ಮಾಡಿದರು. ‘ಭಾನುವಾರ ನೀವು ಟಿವಿ ಮುಂದೆ ಕೂತ್ಕೊಂಡು ಮಾಂಸ ಬಿಡಿಸ್ತಿದ್ರಿ. ಮೇಲಿನ ಮನೆಯವ್ರು ಗೋಡೆ ಕೊರೀತಿದ್ರು, ಭಾನುವಾರನೂ ಇವರಿಗೆ ಬಿಡುವಿಲ್ವಾ ಅಂದೆ. ನೀವು ಹೂಂ ಅಂದ್ರಿ. ನಾಲ್ಕು ಗಂಟೆಗೆ ಕಾಫಿ ಕೊಟ್ರಿ, ಸಕ್ಕರೆ ಕಮ್ಮಿ ಇತ್ತು. ರಾತ್ರಿ ಸೊಪ್ಪು ಮಾಡಿದ್ಲು ಇವಳು, ನಾನು ತಿನ್ಲಿಲ್ಲ, ಹಲ್ಲಿಗೆ ಸಿಕ್ಕೊಳ್ಳುತ್ತೆ. ಸೋಮವಾರ ಬೆಳಿಗ್ಗೆ ಸಾಹೇಬನಿಗೆ ಬಿಸ್ಕತ್ತು ಕೊಟ್ಟೆ. ಅರ್ಧ. ಅದನ್ನ ಒಪ್ಕೋತೀನಿ. ಮಂಗಳವಾರ ಅವನು ಊಟ ಬಿಟ್ಟಾಗ ಮೊದ್ಲು ನೋಡಿದ್ದು ನಾನು, ನಿಮಗೆ ಹೇಳಿದ್ದು ನಾನು, ಒಂದು ಹೊತ್ತು ಬಿಟ್ರೆ ಏನಾಗಲ್ಲ ಅಂದಿದ್ದು ನೀವು.’

ಅದು ನಿಜ. ಅವರು ಹೇಳಿದ್ದರು. ಅದನ್ನು ನಾನು ಈ ಪುಸ್ತಕದಲ್ಲಿ ಬರೆಯಲಿಲ್ಲ.

ಬುಧವಾರ, ಗುರುವಾರ, ಶುಕ್ರವಾರ. ಒಂದು ದಿನವನ್ನೂ ಬಿಡದೆ ಹೇಳಿದರು. ಚಿಲಕ ಹಾಕಿದವನ ಅಂಗಿಯ ಬಣ್ಣ ಹೇಳಿದರು. ನಾನು ಸಾರಿಗೆ ಸುರಿದ ಉಪ್ಪನ್ನು ಹೇಳಿದರು. ‘ನನ್ನ ನಾಲಿಗೆನೂ ಹೋಯ್ತೇನೋ ಅಂದ್ಕೊಂಡು ಕುಡಿದೆ ಕಣ್ರಿ. ಗಂಟಲು ಉರೀತಿತ್ತು’ ಎಂದರು. ಆ ಮಾತಿಗೆ ಅವರ ದನಿ ಒಡೆಯಿತು. ಬಾಗಿಲಲ್ಲಿ ಇವಳು ಬಂದು ನಿಂತಿದ್ದಳು, ಬಾಯಿಗೆ ಕೈ ಒತ್ತಿಕೊಂಡು.

‘ನಾಳೆ ತಮ್ಮ ಬರ್ತಾನೆ. ಏನ್ ಹೇಳ್ಲಿ ಅಮ್ಮ?’ ಎಂದು ಕೇಳಿದಳು.

‘ಊಟಕ್ಕೆ ಬರ್ಲಿ ಅನ್ನು. ಉಂಡು ಹೋಗ್ಲಿ.’

ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದಿದ್ದೆ. ಬೈದರು. ಹೇಡಿ ಎಂದರು, ಕಳ್ಳ ಎಂದರು, ನಮ್ಮ ಅಪ್ಪನ ಮನೆಯ ನಾಯಿಗೂ ಇದಕ್ಕಿಂತ ನಿಯತ್ತಿತ್ತು ಎಂದರು. ಒಂದೊಂದೂ ಸರಿಯಾದ ಜಾಗದಲ್ಲಿ ಬಿತ್ತು. ಉಸಿರು ತೀರಿದ ಮೇಲೆ, ‘ಸೋಮವಾರ ಅಂಗಡಿಗೆ ಹೋಗ್ತೀರಾ?’ ಎಂದರು.

‘ಹೋಗಲ್ಲ. ಈಗ ಫೋನ್ ಮಾಡಿ ಹೇಳ್ತೀನಿ.’

‘ಆಮೇಲೆ ಏನ್ ಮಾಡ್ತೀರಿ?’

‘ಗೊತ್ತಿಲ್ಲ ಅತ್ತೆ.’

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಭಯವಾಯಿತು. ಕಣ್ಣಿಗೆ ನೀರು ಬಂತು, ಒರೆಸಿಕೊಳ್ಳಲು ಹೋದರೆ ಬೆರಳಿಗೆ ಒದ್ದೆ ತಿಳಿಯಲಿಲ್ಲ.

‘ಎಲ್ಲಿ, ಕೈ ಕೊಡಿ’ ಎಂದರು ಅತ್ತೆ.

ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು, ಕಾಣಿಸಲಿಲ್ಲವೇನೋ, ತಡವಿ ಕಿರುಬೆರಳು ಹುಡುಕಿ ಅದರ ತುದಿಯನ್ನು ಉಗುರಿನಿಂದ ಚಿವುಟಿದರು. ಸಿಟ್ಟಿನಿಂದಲೇ ಚಿವುಟಿದರು.

‘ಗೊತ್ತಾಗುತ್ತಾ?’

‘ಇಲ್ಲ.’

‘ಇದು?’

‘ಇಲ್ಲ.’

ಮೂರನೆಯದು. ಇಲ್ಲ. ತೋರುಬೆರಳಿನ ಗಾಯದ ಗುರುತು ಸಿಕ್ಕಿತು. ಅಲ್ಲಿ ಅವರ ಬೆರಳು ನಿಂತಿತು. ‘ಕೋಳೀದು ಅಂದ್ರಲ್ಲ’ ಎಂದರು. ಅಲ್ಲಿಂದ ಮುಂದೆ ಚಿವುಟುವುದು ಬಿಟ್ಟು ಸುಮ್ಮನೆ ಒತ್ತಿ ನೋಡಿದರು. ಇನ್ನೊಂದು ಕೈ ಕೇಳಿದರು. ಒಂದೊಂದಕ್ಕೂ ಗೊತ್ತಾಗುತ್ತಾ ಎಂದು ಕೇಳಿದರು, ಒಂದೊಂದಕ್ಕೂ ನಾನು ಇಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಹತ್ತೂ ಮುಗಿದವು. ಅವರು ಕೈ ಬಿಡಲಿಲ್ಲ. ನನ್ನ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬೀದಿಯ ಕಡೆ ಮುಖ ಮಾಡಿ ಕೂತರು. ಅವರ ಕೈ ತಣ್ಣಗಿತ್ತು. ಅದು ನನ್ನ ಅಂಗೈಗೆ ಗೊತ್ತಾಯಿತು.